ಸಡಿಲ ಬಿಟ್ಟ ಬ್ರೇಕು

ಹೂವು ತಂದವರ ಕೈಯಿಂದ ಹೂವು ಇಸಿದುಕೊಂಡ ವ್ಯಾನಮ್ಮ ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಕಾಲನ್ನು.

“ಬಲಗಾಲು ಸ್ವಲ್ಪ ಮುಂದೆ ಇಡಿ,” ಎಂದಳು.

ಬಂದವರು ಹಲ್ಲಿನ ಡಾಕ್ಟರು. ಸಾವಿನ ಮನೆಯ ಬಾಗಿಲಲ್ಲಿ ಇಂಥ ಮಾತು ಕೇಳಿ ಒಂದು ಗಳಿಗೆ ತಬ್ಬಿಬ್ಬಾದರೂ, ಬೂಟು ಬಿಚ್ಚಿದ ಕಾಲನ್ನು ಹೇಳಿದಂತೆ ಮುಂದಿಟ್ಟರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ವ್ಯಾನಮ್ಮ ಬಾಗಿ ನೋಡಿ ತಲೆಯಾಡಿಸಿದಳು.

“ನೀವು ನಮ್ಮೆಜಮಾನರ ಹತ್ರ ಹೊಸದಾಗಿ ಪೆಡಲ್ ಏನಾದ್ರೂ ಮಾಡೋಕೆ ಹೇಳಿದ್ರಾ?”

“ಇಲ್ಲಮ್ಮ. ನನ್ನದು ಯಾವತ್ತೋ ಕೊಟ್ಟಾಗಿದೆ. ದಿನಾ ಅದರ ಮೇಲೇ ಕಾಲು.”

ಹಿಂದೆ ನಿಂತಿದ್ದ ಮಗಳು ಅವಳ ತೋಳು ಹಿಡಿದು ಪಿಸುಗುಟ್ಟಿದಳು. “ಅಮ್ಮ, ಏನಿದು? ಬಂದವರು ಏನಂದ್ಕೋತಾರೆ?”

“ಏನಾದ್ರೂ ಅಂದ್ಕೊಳ್ಳಲಿ. ಇವತ್ತು ಬಿಟ್ರೆ ಇವರನ್ನೆಲ್ಲ ನಾನು ಎಲ್ಲಿ ಹುಡುಕಲಿ?”

ಒಳಗೆ ನಡುಮನೆಯಲ್ಲಿ ಅವಳ ಗಂಡ ಬ್ರೇಕ್ ಮೇಸ್ತ್ರಿ ಮಲಗಿದ್ದ. ಆಯುಷ್ಯದ ಮುಕ್ಕಾಲು ಪಾಲನ್ನು ಗಾಡಿಗಳ ಹೊಟ್ಟೆಯ ಕೆಳಗೆ ಅಂಗಾತ ಕಳೆದವನು. ಹಾಗೆ ಮಲಗಿದಾಗಲೆಲ್ಲ ಅವನ ಕಣ್ಣು ಮೇಲೆ ಏನನ್ನಾದರೂ ಹುಡುಕುತ್ತಿತ್ತು. ಇವತ್ತು ಮೊದಲ ಸಲ ಹುಡುಕಾಟ ಮುಗಿದವನ ಹಾಗೆ ಕಣ್ಣು ಮುಚ್ಚಿತ್ತು. ಉಗುರಿನ ಅಂಚಿನ ಗ್ರೀಸನ್ನು ಮಗಳು ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ. ಬಿಡು, ಅದೂ ಅವರದೇ, ದೇವರಿಗೆ ಗುರುತು ಸಿಗಲಿ ಎಂದು ವ್ಯಾನಮ್ಮನೇ ತಡೆದಿದ್ದಳು.

ಆಸ್ಪತ್ರೆಯಲ್ಲಿ ಅವನು ಆಡಿದ ಕೊನೆಯ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. “ಶೆಡ್ಡಿನ ಬೆಂಚಿನ ಮೇಲೆ ಕೊನೇ ಜೋಡಿ ಪೆಡಲ್ ಇದೆ. ನಾನೇ ಕೊಡಬೇಕು ಅಂತಿದ್ದೆ. ಆಗ್ಲಿಲ್ಲ.”

“ಯಾರಿಗೆ ರೀ?” ಎಂದು ಕೇಳುವಷ್ಟರಲ್ಲಿ ತುಟಿಯ ಮೂಲೆಯಲ್ಲಿ ಒಂದು ನಗೆ ಇಟ್ಟುಕೊಂಡು ನಿದ್ದೆಗೆ ಜಾರಿದ್ದ. ಆ ನಿದ್ದೆಯಿಂದ ಅವನು ಈಚೆಗೆ ಬರಲಿಲ್ಲ.

ಇನ್ನೊಬ್ಬರ ಸಾಮಾನು ಮನೆಯಲ್ಲಿಟ್ಟುಕೊಂಡು ಮೇಲೆ ಹೋದ ಅಂತ ತನ್ನ ಗಂಡ ಆ ದೊಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬಾರದು. ಶವ ಒಯ್ಯುವ ಕಪ್ಪು ವ್ಯಾನು ಬರುವುದರೊಳಗೆ ಆ ಜೋಡಿಯ ಒಡೆಯರು ಸಿಗಬೇಕು. ವ್ಯಾನಮ್ಮನ ಹಟ ಅಷ್ಟೇ.

*

ಗ್ಯಾರೇಜು ಬಿಟ್ಟು ಮನೆ ಸೇರಿದ ಮೇಲೆ ಮೇಸ್ತ್ರಿಗೆ ಈ ಎರಡನೆಯ ಕಸುಬು ಹಿಡಿಸಿದ್ದು ಇದೇ ಹಲ್ಲಿನ ಡಾಕ್ಟರು. ಒಂದು ಬೆಳಿಗ್ಗೆ ಎರಡು ಪ್ಲಾಸ್ಟಿಕ್ ಪೆಡಲ್ ಹಿಡಿದು ಬಂದಿದ್ದರು.

“ಮೇಸ್ತ್ರಿ, ಮನೇಲಿ ಕಂಪ್ಯೂಟರ್ ಪರದೆ ಮುಂದೆ ಕೂತು ರೇಸ್ ಕಾರು ಓಡಿಸ್ತೀನಿ. ಸ್ಟಿಯರಿಂಗ್ ಚೆನ್ನಾಗಿದೆ. ಆದ್ರೆ ಈ ಬ್ರೇಕು ಒತ್ತಿದ್ರೆ ಒದ್ದೆ ಹಾಸಿಗೆ ಮೇಲೆ ಕಾಲಿಟ್ಟ ಹಾಗಿರುತ್ತೆ.”

“ಕಾರಿಲ್ಲ, ರಸ್ತೆ ಇಲ್ಲ. ಬ್ರೇಕು ಮಾತ್ರ ನಿಜ ಇರಬೇಕಾ ಡಾಕ್ಟ್ರೇ?”

“ಕಣ್ಣಿಗೆ ಸುಳ್ಳು ಅಂತ ಗೊತ್ತಿರುತ್ತೆ. ಕಾಲಾದ್ರೂ ನಂಬಬೇಕಲ್ಲ!”

ಆ ಮಾತು ಮೇಸ್ತ್ರಿಯ ತಲೆಯೊಳಗೆ ಹುಳ ಬಿಟ್ಟಿತು. ಪ್ಲಾಸ್ಟಿಕ್ಕನ್ನು ಬಿಚ್ಚಿ ನೋಡಿ ನಕ್ಕ. “ಇದು ಎಷ್ಟು ದೂರ ಒತ್ತಿದ್ರಿ ಅಂತ ಕೇಳ್ತಾ ಇದೆ. ಆಕ್ಸಿಲರೇಟರ್ ದೂರ ಕೇಳಬೇಕು ಸರಿ. ಬ್ರೇಕು ಕೇಳಬೇಕಾದ್ದು ಭಾರ.” ಕಬ್ಬಿಣದ ಪೆಡಲ್ ಕಡೆಸಿದ. ಆಕ್ಸಿಲರೇಟರಿಗೆ ಸ್ಪ್ರಿಂಗು, ಬ್ರೇಕಿಗೆ ಒಂದರ ಮೇಲೊಂದು ಗಟ್ಟಿ ರಬ್ಬರಿನ ಬಿಲ್ಲೆ, ಅದರ ಹಿಂದೆ ಕಾಲಿನ ಭಾರ ಅಳೆಯುವ ಪುಟ್ಟ ಲೋಹದ ತುಂಡು. ಡಾಕ್ಟರು ಒತ್ತಿ ನೋಡಿದರು, ಇನ್ನೊಂದು ಸಲ ಒತ್ತಿದರು.

ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಯಾರೇ ಬರಲಿ, ಮೇಸ್ತ್ರಿ ಕೇಳುತ್ತಿದ್ದದ್ದು ಎರಡೇ. ನಿಮ್ಮ ಕಾಲು ಮೊದಲು ಕಲಿತ ಗಾಡಿ ಯಾವುದು? ಬಲಗಾಲಿನ ಒಂದು ಹಳೇ ಚಪ್ಪಲಿ ಇದೆಯಾ? ಅಟ್ಟೆ ಎಲ್ಲಿ ಸವೆದಿದೆ ನೋಡಿ ಒತ್ತುವ ಜಾಗ ಗೊತ್ತುಮಾಡುತ್ತಿದ್ದ. ಕೆಲಸ ಮುಗಿಯುವ ತನಕ ಆ ಒಂಟಿ ಚಪ್ಪಲಿ ಶೆಡ್ಡಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ವ್ಯಾನಮ್ಮನಿಗೆ ಇದೆಲ್ಲ ನಗೆಪಾಟಲು. “ಊರಿಗೇ ಹೋಗದ ಗಾಡಿಗೆ ಬ್ರೇಕು! ಹಸು ಇಲ್ಲದ ಕೊಟ್ಟಿಗೆಗೆ ಹಗ್ಗ ಹೊಸೆದ ಹಾಗೆ.”

ನಗೆಯ ಅಡಿಯಲ್ಲಿ ಒಂದು ಗಾಯವಿತ್ತು. ಅವಳು ಕೂದಲು ನರೆಯುವ ತನಕ ಶಾಲೆಯ ಮಕ್ಕಳ ವ್ಯಾನು ಓಡಿಸಿದವಳು. ಊರಿನ ಅರ್ಧ ಮಕ್ಕಳು ಅವಳ ಕನ್ನಡಿಯಲ್ಲಿ ಬೆಳೆದಿದ್ದರು. ವ್ಯಾನಮ್ಮ ಎಂಬ ಹೆಸರೂ ಅವರೇ ಇಟ್ಟದ್ದು. ಆಮೇಲೆ ಕಣ್ಣಿನ ಅಂಚುಗಳು ಮಸುಕಾಗತೊಡಗಿದವು. ಒಂದು ದಿನ ಎಡಗಡೆಯಿಂದ ಓಡಿಬಂದ ಮಗು ಅವಳಿಗೆ ಕಂಡದ್ದು ತಡವಾಗಿ. ಏನೂ ಆಗಲಿಲ್ಲ. ಆದರೂ ಅವತ್ತು ಮಕ್ಕಳನ್ನು ಇಳಿಸಿ ಬಂದವಳು ಬೀಗದ ಕೈಯನ್ನು ಗಂಡನ ಮುಂದಿಟ್ಟು, “ಮಾರಿಬಿಡಿ,” ಎಂದಳು. ಅಂದಿನಿಂದ ಯಾರ ಗಾಡಿ ಹತ್ತಿದರೂ ಹಿಂದೆಯೇ ಕೂರುವಳು. ಶೆಡ್ಡಿನ ಪೆಡಲುಗಳಿಗೆ ಒಂದು ದಿನವೂ ಕಾಲು ತಾಗಿಸಿದವಳಲ್ಲ.

*

ಶೆಡ್ಡಿನಲ್ಲಿ ಹಳೇ ಕಾರಿನ ಒಂದು ಸೀಟನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಿತ್ತು. ಕೊನೆಯ ಜೋಡಿಯನ್ನು ಮಗಳು ಅದರ ಮುಂದೆ ಕೂರಿಸಿದಳು. ಒಂದು ಮೊಳೆಯಲ್ಲೂ ಚಪ್ಪಲಿ ಇರಲಿಲ್ಲ. ಅದೇ ಗೋಜಲು. ಚಪ್ಪಲಿ ಇಲ್ಲದೆ ಅವನು ಕೆಲಸವನ್ನೇ ಹಿಡಿಯುತ್ತಿರಲಿಲ್ಲ.

ಇದು ಯಾರ ಕಾಲಿಗೆ ಮಾಡಿದ್ದಿರಬಹುದು ಎಂದು ಒತ್ತಿ ನೋಡಲು ಮೊದಲು ಡಾಕ್ಟರು ಕೂತರು. ಆಕ್ಸಿಲರೇಟರ್ ಒತ್ತಿ, “ಬೆಣ್ಣೆ,” ಎಂದರು. ಬ್ರೇಕಿಗೆ ಕಾಲಿಟ್ಟವರು ಹುಬ್ಬು ಗಂಟಿಕ್ಕಿದರು.

“ಏನಾಯ್ತು?” ವ್ಯಾನಮ್ಮ ಬಾಗಿಲಿಂದಲೇ ಕೇಳಿದಳು.

“ಇದು ಸಡಿಲ ಇದೆಯಮ್ಮ. ಮೇಸ್ತ್ರಿ ಸಡಿಲ ಬಿಡೋರಲ್ಲ.”

ಆಮೇಲೆ ರಾತ್ರಿ ಪಾಳಿಯ ನರ್ಸಮ್ಮ ಕೂತಳು. ಕೆಲಸ ಮುಗಿಸಿ ಮನೆಗೆ ಹೋದರೆ ನಿದ್ದೆ ಬಾರದೆ, ಒಂದು ಸುತ್ತು ರೇಸು ಓಡಿಸಿ ಮಲಗುವವಳು. ಅವಳು ಕಾಲೆತ್ತಿ, “ಪಾಪ, ಕೊನೇಲಿ ಅವರ ಕೈ ಸೋತಿತ್ತೋ ಏನೋ,” ಎಂದಳು.

ವ್ಯಾನಮ್ಮನ ಮುಖ ಕೆಂಪಾಯಿತು. “ಕಾಲು ಸೋತಿತ್ತು, ಉಸಿರು ಸೋತಿತ್ತು. ಕೈ ಸೋತಿರಲಿಲ್ಲ. ಆಸ್ಪತ್ರೆ ಮಂಚದ ತಿರುಪು ಸಡಿಲ ಇದೆ ಅಂತ ಬೆರಳಲ್ಲೇ ಬಿಗಿ ಮಾಡಿದವರು ಅವರು!”

“ತಪ್ಪಾಯ್ತಮ್ಮ.”

ಈಗ ಹುಡುಕಾಟ ಎರಡಾಯಿತು. ಇದು ಯಾರದು ಎಂಬುದು ಒಂದು. ಇಷ್ಟು ಜನರ ಕಾಲು ಮೆಚ್ಚಿಸಿದವನು ಕೊನೆಯದನ್ನು ಯಾಕೆ ಕೆಡಿಸಿದ ಎಂಬುದು ಇನ್ನೊಂದು. ಅಂಗಳದಲ್ಲಿದ್ದವರೆಲ್ಲ ಅಳು ಮರೆತು ಶೆಡ್ಡಿನ ಬಾಗಿಲಲ್ಲಿ ನೆರೆದರು. ಪಕ್ಕದ ಮನೆಯ ಯಜಮಾನರು ಮಾತ್ರ ಬೇಲಿಯ ಆಚೆಯೇ ನಿಂತಿದ್ದರು. ವ್ಯಾನಮ್ಮನ ಬಲಗಾಲಿನ ತೊಗಲಿನ ಚಪ್ಪಲಿ ಅಂಗಳದಿಂದ ಮಾಯವಾದ ಮೇಲೆ, ಅದನ್ನು ಅವರ ನಾಯಿಯೇ ಕಚ್ಚಿಕೊಂಡು ಹೋಯಿತೆಂದು ಅವಳು ಅವರೊಡನೆ ಮಾತು ಬಿಟ್ಟಿದ್ದಳು.

“ಒಳಗೆ ಬನ್ರಿ,” ಎಂದಳು ಈಗ. “ಜಗಳ ನಾಳೆಗೂ ಇರುತ್ತೆ.”

ಅಷ್ಟರಲ್ಲಿ ಕಪ್ಪು ವ್ಯಾನು ಬಂತು. ಇಳಿದ ಡ್ರೈವರು ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಡುವಯಸ್ಸಿನ, ದಪ್ಪ ಮೀಸೆಯ ಆಳು.

“ವ್ಯಾನಮ್ಮಾ, ಹೊರಡೋಣ್ವಾ?”

ಅವಳು ಕಣ್ಣು ಕಿರಿದು ಮಾಡಿದಳು. “ಹಿಂದಿನ ಸೀಟು! ನೀನೇನೋ?”

“ನಾನೇ.” ಚಿಕ್ಕವನಿದ್ದಾಗ ಅವಳ ವ್ಯಾನಿನಲ್ಲಿ ಹಿಂದಿನ ಸೀಟು ಬಿಟ್ಟು ಬೇರೆಡೆ ಕೂತವನಲ್ಲ, ಹೆಸರು ಹಾಗೇ ಅಂಟಿತ್ತು. “ಬೇರೆಯವರನ್ನ ಕಳಿಸ್ತಿದ್ರು. ನಾನೇ ಹಟ ಮಾಡಿ ಬಂದೆ.”

“ಒಂದು ಗಳಿಗೆ ನಿಲ್ಲಪ್ಪ. ಅವರ ಕೆಲಸ ಒಂದು ಉಳಿದಿದೆ.”

ಕೊನೆಗೆ ಮೇಸ್ತ್ರಿಯ ಇನ್ನೊಬ್ಬ ಗಿರಾಕಿ, ಬೇಕರಿಯವನ ಸರದಿ. ಹಿಟ್ಟು ನಾದುವವನ ಕೈಯಂತೆ ಅವನ ಕಾಲಿಗೂ ತಾಳ್ಮೆಯಿತ್ತು. ಕಣ್ಣು ಮುಚ್ಚಿ ನಿಧಾನ ಒತ್ತಿದ.

“ಸಡಿಲ ಅಲ್ಲ ಕಣ್ರೀ ಇದು,” ಎಂದ. “ಇಲ್ಲಿ ತನಕ ಏನೂ ಇಲ್ಲ. ಇಲ್ಲಿ ಒಂದು ಟಕ್. ಆಮೇಲೆ ಗೋಡೆ ಥರ ಗಟ್ಟಿ. ಇದು ತಪ್ಪಿ ಆದದ್ದಲ್ಲ, ಬೇಕು ಅಂತ ಮಾಡಿದ್ದು. ಆದ್ರೆ ಇಂಥ ಬ್ರೇಕನ್ನ ಯಾರು ಕೇಳ್ತಾರೆ?”

ವ್ಯಾನಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

*

ಹರೆಯದ ಹುಡುಗಿ ಅವಳಾಗ. ವ್ಯಾನು ಹೊಸದಾಗಿ ಕೈಗೆ ಬಂದಿತ್ತು, ಗಾಡಿ ಮಾತ್ರ ಹಳೆಯದು. ಗ್ಯಾರೇಜಿನಲ್ಲಿ ಒಬ್ಬ ತೆಳ್ಳಗಿನ ಹುಡುಗ ಗಾಡಿಯ ಕೆಳಗಿಂದ ಮುಖ ಈಚೆ ಹಾಕಿದ.

“ಬ್ರೇಕು ಹೇಗೆ ಹಿಡಿಯುತ್ತೆ? ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಒತ್ತಿ ತೋರಿಸಿ,” ಎಂದು ಅಂಗೈ ಚಾಚಿದ.

ಅಪರಿಚಿತನ ಗ್ರೀಸು ಮೆತ್ತಿದ ಅಂಗೈ. ಅವಳು ಅತ್ತಿತ್ತ ನೋಡಿ, ತನ್ನ ಅಂಗೈಯನ್ನು ಅದರ ಮೇಲಿಟ್ಟು ತಳ್ಳಿದಳು. “ಇಲ್ಲಿ ತನಕ ಖಾಲಿ. ಇಲ್ಲಿ ಟಕ್. ಆಮೇಲೆ ಗಟ್ಟಿ.”

“ಆ ಖಾಲಿ ತೆಗೆದುಬಿಡ್ತೀನಿ.”

“ಬೇಡ.”

“ಬೇಡ್ವಾ? ಎಲ್ಲರೂ ಅದನ್ನ ತೆಗೀರಿ ಅಂತಾನೇ ಬರ್ತಾರೆ.”

“ಆ ಖಾಲಿ ಇದೆಯಲ್ಲ, ಅಷ್ಟರಲ್ಲಿ ನಾನು ಮಕ್ಕಳಿಗೆ ಹಿಡ್ಕೊಳ್ಳಿ ಅಂತೀನಿ. ನೀವು ಅದನ್ನ ತೆಗೆದ್ರೆ ನಾನು ಹೇಳೋ ಮೊದಲೇ ಮಕ್ಕಳು ಮುಗ್ಗರಿಸ್ತಾರೆ. ಸವೆದ ಪಟ್ಟಿ ಬದಲಾಯಿಸಿ, ಗಾಡಿ ನಿಲ್ಲೋ ಹಾಗೆ ನೋಡ್ಕೊಳ್ಳಿ. ಖಾಲಿ ಮಾತ್ರ ಇರಲಿ.”

ಹುಡುಗ ಗಾಡಿಯ ಕೆಳಗಿಂದ ಪೂರ್ತಿ ಈಚೆ ಬಂದ. ಅವಳ ಮುಖ ನೋಡಿದ, ನೋಡುತ್ತಲೇ ಇದ್ದ. ಅವನು ಸಡಿಲ ಬಿಟ್ಟುಕೊಟ್ಟ ಬ್ರೇಕು ಅದೊಂದೇ. ಮದುವೆಯಾದ ಮೇಲೂ ಅದನ್ನು ಅಷ್ಟಕ್ಕೆ ಅಷ್ಟೇ ಕಾಪಾಡಿಕೊಂಡು ಬಂದ.

ಮೊನ್ನೆಯ ಚಳಿಯಲ್ಲಿ, ಅವಳು ಬಟ್ಟೆ ಮಡಚುತ್ತ ಕೂತಿದ್ದಾಗ, ಇದ್ದಕ್ಕಿದ್ದಂತೆ ಬಂದು ಎದುರು ಕೂತು ಅಂಗೈ ಚಾಚಿದ್ದ.

“ಎಲ್ಲಿ, ಒತ್ತು ನೋಡೋಣ. ಮರೆತಿದ್ದೀಯೋ ಏನೋ.”

“ಮುದುಕರಿಗೆ ಸರಸ ಬೇರೆ!” ಎಂದು ನಕ್ಕು ಒತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. “ಇನ್ನೊಂದು ಸಲ,” ಎಂದಿದ್ದ. “ಇನ್ನೊಂದು ಸಲ.”

*

“ಏಳಪ್ಪ,” ಎಂದಳು ಬೇಕರಿಯವನಿಗೆ.

ಅವನು ಎದ್ದ. ವ್ಯಾನಮ್ಮ ಮೊಣಕಾಲೂರಿ, ಸೆರಗಿನ ತುದಿಯಿಂದ ಬ್ರೇಕಿನ ಮುಖ ಒರೆಸಿದಳು. ಬೇರೆ ಪೆಡಲುಗಳಿಗೆ ಗೀರು ಹಾಕಿದ ಹೊಸ ರಬ್ಬರು ಇರುತ್ತಿತ್ತು. ಇದಕ್ಕೆ ಹಳೆಯ ತೊಗಲು ಅಂಟಿಸಿತ್ತು, ಸವೆದು ನುಣುಪಾದದ್ದು. ಇಷ್ಟು ಜನ ಕಾಲಿಟ್ಟರೂ ಯಾರೂ ಬಗ್ಗಿ ನೋಡಿರಲಿಲ್ಲ. ಧೂಳು ಸರಿದಂತೆ ಬೆರಳುಗಳು ಒತ್ತಿ ಒತ್ತಿ ಕಪ್ಪಾದ ಗುರುತು ಒಂದೊಂದಾಗಿ ಮೂಡಿತು. ಎರಡನೆಯ ಬೆರಳು ಹೆಬ್ಬೆರಳಿಗಿಂತ ಒಂದಿಷ್ಟು ಮುಂದಿತ್ತು. ಮಗಳು ತಾಯಿಯ ಬರಿಗಾಲು ನೋಡಿದಳು, ಮತ್ತೆ ತೊಗಲು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು.

“ಕಳ್ಳ,” ಎಂದಳು ವ್ಯಾನಮ್ಮ. “ನನ್ನ ಚಪ್ಪಲಿ ಕದ್ದ ಕಳ್ಳ.”

ಪಕ್ಕದ ಮನೆಯ ಯಜಮಾನರು ಮೆಲ್ಲನೆ ಗಂಟಲು ಸರಿ ಮಾಡಿಕೊಂಡರು. “ಹಾಗಾದ್ರೆ ನಮ್ಮ ನಾಯಿಗೆ ಬಿಡುಗಡೆ ಅನ್ನಿ.”

ನರ್ಸಮ್ಮ ನಕ್ಕುಬಿಟ್ಟಳು, ನಗುತ್ತಲೇ ಕಣ್ಣೊರೆಸಿಕೊಂಡಳು. ವ್ಯಾನಮ್ಮನೂ ನಕ್ಕಳು. “ನಾಯಿ ಹತ್ರ ನಾನೇ ಬಂದು ಮಾತಾಡ್ತೀನಿ.”

ಮಗಳು ತೋಳು ಕೊಟ್ಟಳು. ವ್ಯಾನಮ್ಮ ಅದನ್ನು ಹಿಡಿದು ಎದ್ದು ಸೀಟಿನ ಮುಂದೆ ಒಂದು ಕ್ಷಣ ನಿಂತಳು. ಎಷ್ಟೋ ವರ್ಷಗಳಿಂದ ಅವಳು ಮುಂದಿನ ಸೀಟಿಗೆ ಬೆನ್ನು ಒರಗಿಸಿದವಳಲ್ಲ. ಆಮೇಲೆ ಕೂತಳು. ಬೆನ್ನು ತಾನಾಗಿ ನೆಟ್ಟಗಾಯಿತು. ಎದುರಿಗೆ ಪರದೆಯೂ ಇರಲಿಲ್ಲ, ಸ್ಟಿಯರಿಂಗೂ ಇರಲಿಲ್ಲ. ಸುಣ್ಣದ ಗೋಡೆ, ಅದರಲ್ಲಿ ಖಾಲಿ ಮೊಳೆಗಳ ಸಾಲು.

ಬರಿಗಾಲನ್ನು ತೊಗಲಿನ ಮೇಲಿಟ್ಟಳು. ಬೆರಳುಗಳು ತಮ್ಮ ತಮ್ಮ ಗುಳಿಗಳಲ್ಲಿ ಕೂತವು. ಗೋಡೆಯ ಮೇಲೆ, ಕನ್ನಡಿ ಇರಬೇಕಾಗಿದ್ದ ಜಾಗಕ್ಕೆ ಕಣ್ಣೆತ್ತಿ, ಹಿಂದೆ ಇರುವವರನ್ನೆಲ್ಲ ಒಮ್ಮೆ ನೋಡುವವಳ ಹಾಗೆ ನೋಡಿದಳು. ಮೆಲ್ಲನೆ ಒತ್ತಿದಳು.

ಏನೂ ಇಲ್ಲ. ಖಾಲಿ.

“ಹಿಡ್ಕೊಳ್ಳಿ ಮಕ್ಕಳೇ,” ಎಂದಳು.

ಟಕ್.

ಅವಳ ಬೆನ್ನ ಹಿಂದೆ, ಶೆಡ್ಡಿನ ಬಾಗಿಲಲ್ಲಿ, ಹಿಂದಿನ ಸೀಟಿನ ಕೈಯಿಂದ ಟೋಪಿ ಕೆಳಗೆ ಬಿದ್ದಿತ್ತು. ದಪ್ಪ ಮೀಸೆಯ ಆ ಆಳು ಎರಡೂ ಕೈಗಳಿಂದ ಚೌಕಟ್ಟನ್ನು ಭದ್ರವಾಗಿ ಹಿಡಿದುಕೊಂಡು ನಿಂತಿದ್ದ.