ಆರು ಹುಸಿಮೊಟ್ಟೆ

"ಅಯ್ಯೋ, ಕುಕ್ಕೇಬಿಡ್ತು ಮಾವ! ರಕ್ತ ನೋಡಿ."

ಸೊಸೆ ಬುಟ್ಟಿಯಿಂದ ಕೈ ಎಳೆದುಕೊಂಡಳು. ಒಳಗೆ ಕೆಂಪು ಕೋಳಿ ಪುಕ್ಕ ಉಬ್ಬಿಸಿಕೊಂಡು, ಬೆಕ್ಕಿನಂತೆ ಗುರ್ ಎನ್ನುತ್ತ ಕೂತಿತ್ತು. ಐದು ದಿನದಿಂದ ಅದರದು ಒಂದು ಮೊಟ್ಟೆಯೂ ಇಲ್ಲ.

ತಪ್ಪು ಯಾರದೆಂದು ಗಾರೆ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಏಣಿಯಿಂದ ಬಿದ್ದು ಮಂಡಿ ಕೆಟ್ಟ ಮೇಲೆ ಎರಡು ವರ್ಷದಿಂದ ಅವರು ಕರಣೆ ಮುಟ್ಟಿರಲಿಲ್ಲ. ಎಳೆ ಕೋಳಿಗಳು ಕಂಡಕಂಡಲ್ಲಿ ಮೊಟ್ಟೆ ಇಡುತ್ತವೆ, ಬುಟ್ಟಿಯ ರೂಢಿಯಾಗಲು ಒಂದು ಹುಸಿಮೊಟ್ಟೆ ಮಾಡಿಕೊಡಿ ಎಂದು ಸೊಸೆ ಕೇಳಿದ್ದಳು. ಕೇಳಿದ್ದು ಒಂದು, ಕೈ ಸುಮ್ಮನಿರದೆ ಮಾಡಿದ್ದು ಆರು. ಬರಿಗೈಯಲ್ಲೇ ಪ್ಲಾಸ್ಟರ್ ಕಲಸಿ, ಉಪ್ಪುಕಾಗದದಲ್ಲಿ ನಯ ಮಾಡಿ, ಚಹದ ನೀರು ಬಳಿದು ಬಣ್ಣವನ್ನೂ ಕೂಡಿಸಿದ್ದರು. ನಿಜವಾದ ಮೊಟ್ಟೆಯನ್ನು ಸೊಸೆ ದಿನವೂ ಎತ್ತಿಕೊಳ್ಳುತ್ತಿದ್ದಳು, ಈ ಆರನ್ನು ಯಾರು ಎತ್ತಬೇಕು? ಹಗಲು ಉದ್ದವಾಗುತ್ತಿದ್ದ ಕಾಲ, ಕತ್ತಲೆ ಮೂಲೆ, ತುಂಬಿದ ಬುಟ್ಟಿ. ಕೋಳಿ ಕಾವಿಗೆ ಕೂತುಬಿಟ್ಟಿತು.

ಮೇವಿನ ಮೂಟೆ ತಂದ ಅಂಗಡಿಯವನು ನಕ್ಕ. "ಇದು ಫಾರಂ ತಳಿ ಕಣ್ರೀ. ಕಾವು ಕೂರೋದು ಇದರ ರಕ್ತದಲ್ಲೇ ಇಲ್ಲ. ವಾರಕ್ಕೆ ಎದ್ದು ಹೋಗುತ್ತೆ."

"ಹಾಗಾದ್ರೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಭಾನುವಾರ ಪಾತ್ರೆಗೇ ಸರಿ," ಎಂದಳು ಸೊಸೆ.

"ಇಪ್ಪತ್ತೊಂದು ದಿನ ಕೊಡಮ್ಮ," ಮೇಸ್ತ್ರಿ ಅಂದರು. "ಮರಿ ಬರದಿದ್ರೆ ನಾನೇ ಹಿಡಿದುಕೊಡ್ತೀನಿ. ಆಮೇಲೆ ಕೋಳಿ ತಂಟೆಗೆ ಬಂದ್ರೆ ಕೇಳು."

ಆಡಿದ ಮೇಲೆ ಹೊಳೆಯಿತು: ಆ ಮನೆಯಲ್ಲಿ ಅವರಿಗೆಂದು ಉಳಿದಿದ್ದ ಕೆಲಸ ಕೋಳಿಗಳದೊಂದೇ. ಅದನ್ನೇ ಪಣಕ್ಕಿಟ್ಟಿದ್ದರು.

ಅದೇ ಬೀದಿಯ ಇಸ್ತ್ರಿಯವಳ ಹಿತ್ತಿಲಲ್ಲಿ ಹುಂಜವಿತ್ತು. ಅಲ್ಲಿಂದ ಮರಿಯಾಗುವಂಥ ಆರು ಮೊಟ್ಟೆ ತಂದು, ಮುಸ್ಸಂಜೆಯಲ್ಲಿ ಕೋಳಿಯ ಹೊಟ್ಟೆಯಡಿ ತಡಕಾಡಿ, ಒಂದೊಂದಾಗಿ ಬದಲಿಸಿದರು. ಎತ್ತಿದ್ದನ್ನೆಲ್ಲ ಗೋಡೆಗೆ ತೂಗುಹಾಕಿದ್ದ ತಮ್ಮ ಕೆಲಸದ ಚೀಲಕ್ಕೆ ಹಾಕಿದರು.

ವಾರ ಕಳೆಯಿತು. ಕೋಳಿ ಕದಲಲಿಲ್ಲ. ಹದಿನಾಲ್ಕನೇ ದಿನ ಮಾತ್ರ ಎದ್ದು ಹೋಗಿ ಧೂಳಿನಲ್ಲಿ ಹೊರಳತೊಡಗಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತ ಮೇಸ್ತ್ರಿ ಬೆವತುಹೋದರು. "ಏಳೇ ತಾಯಿ, ನನ್ನ ಮಾನ ತೆಗೀಬೇಡ." ಕೋಳಿ ಮೈ ಕೊಡವಿತು. ಅವರ ಪಾದ ತುಳಿದುಕೊಂಡೇ ಹೋಗಿ ಬುಟ್ಟಿ ಹತ್ತಿತು.

ಇಪ್ಪತ್ತೊಂದನೇ ಬೆಳಗ್ಗೆ ಬುಟ್ಟಿಯೊಳಗೆ ಚಿಂವ್ ಎಂದಿತು. ಸಂಜೆಗೆ ಐದು ಮರಿ. ಮೇಸ್ತ್ರಿ ಕುಂಟುಗಾಲಿನಲ್ಲೇ ಬೀದಿಯ ತುದಿಯವರೆಗೆ ಹೋಗಿ ಮೇವಿನಂಗಡಿಯವನನ್ನು ಕರೆತಂದರು. ಅವನು ಬುಟ್ಟಿಗೆ ಬಗ್ಗಿ ಮರಿಗಳನ್ನು ಎರಡೆರಡು ಸಲ ಎಣಿಸಿದ.

ಆದರೆ ಕೋಳಿ ಮೇಲೇಳಲೊಲ್ಲದು. ಆರನೆಯದರ ಮೇಲೆ ಮರುದಿನವೂ, ಅದರ ಮರುದಿನವೂ ಕೂತೇ ಇತ್ತು. ಮರಿಗಳು ಹಸಿದು ಹೊರಗೆ ಇಣುಕುತ್ತಿದ್ದವು. ಕೊನೆಗೆ ಸೊಸೆ ಕೈಗೆ ಬಟ್ಟೆ ಸುತ್ತಿಕೊಂಡು ಆ ಮೊಟ್ಟೆ ತೆಗೆದಳು. ಕಿವಿಗೆ ಹಿಡಿದಳು. ಕಲ್ಲಿಗೆ ಮೆಲ್ಲಗೆ ತಟ್ಟಿದಳು. ಬಿಳಿ ಪುಡಿ ಉದುರಿತು.

"ಮಾವ! ಇದು ನಿಮ್ಮದೇ!"

"ಹಂಗಾದ್ರೆ... ನನ್ನ ಚೀಲದಲ್ಲಿರೋದು?"

ಇಬ್ಬರೂ ಗೋಡೆಯ ಕಡೆ ತಿರುಗಿದರು. ಎರಡು ದಿನದಿಂದ ನಾತ ಬರುತ್ತಿತ್ತು, ಎಲ್ಲೋ ಇಲಿ ಸತ್ತಿದೆ ಎಂದು ಇಡೀ ಮನೆ ಹುಡುಕುತ್ತಿತ್ತು.

"ಕೋಳಿ ಮೋಸ ಹೋದದ್ದು ಇರಲಿ. ಮಾಡಿದವರೇ ಮೋಸ ಹೋದ್ರಲ್ಲ!" ಸೊಸೆ ನೆಲಕ್ಕೆ ಕುಸಿದು ನಗತೊಡಗಿದಳು. ಈ ಮನೆಗೆ ಬಂದಾಗಿನಿಂದ ಅವಳು ತಮ್ಮೆದುರು ಹೀಗೆ ನಕ್ಕಿದ್ದನ್ನು ಮೇಸ್ತ್ರಿ ನೋಡಿರಲಿಲ್ಲ. ಅವರಿಗೂ ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ಅವಳು ಅಂದಳು: "ಕಪ್ಪು ಕೋಳಿ ಬುಟ್ಟಿಗೂ ಆರು ಬೇಕು ಮಾವ, ಅದೂ ಕಾವಿಗೆ ಕೂರಲಿ. ಈ ಸಲ ಗುರುತು ಹಾಕಿ."

ಮೇಸ್ತ್ರಿ ಚೀಲವನ್ನು ಮೂರು ಸಲ ತೊಳೆದು ಬಿಸಿಲಿಗೆ ಹಾಕಿದರು. ಕರಣೆಯ ತುಕ್ಕು ಉಜ್ಜಿ ಪ್ಲಾಸ್ಟರ್ ಕಲಸಲು ಕೂತರು. ಕೆಂಪು ಕೋಳಿ ಐದು ಮರಿಗಳನ್ನು ಕಟ್ಟಿಕೊಂಡು ಹಿತ್ತಿಲಿಗಿಳಿಯಿತು, ಅವರು ಚಾಚಿದ್ದ ಕಾಲನ್ನು ಒಂದೊಂದಾಗಿ ಹತ್ತಿಳಿದು ಮರಿಗಳು ಅದರ ಹಿಂದೆ ಹೋದವು. ಮೇಸ್ತ್ರಿ ಕಾಲು ಮಡಚಲಿಲ್ಲ.