ಸೋಫಾ ಮಾಡುವವನ ಮನೆಗೆ ಬಂದ ಸೋಫಾ

ಬೀದಿಯವರೆಲ್ಲ ಅವನನ್ನು ಸ್ಪ್ರಿಂಗಣ್ಣ ಎಂದೇ ಕರೆಯುತ್ತಿದ್ದರು. ಕುರ್ಚಿಯೋ, ಸೋಫಾವೋ, ಗಾಡಿಯ ಸೀಟೋ, ಕುಳಿತರೆ ಕುಸಿಯುವಂಥದ್ದು ಏನಿದ್ದರೂ ಅವನ ಅಂಗಡಿಗೆ ಬರಬೇಕು. ಹಳೆಯ ಬಟ್ಟೆ ಬಿಚ್ಚಿ, ಸೋತ ಸ್ಪ್ರಿಂಗು ಕಿತ್ತು, ಹೊಸ ಪಟ್ಟಿ ಬಿಗಿದೆಳೆದು, ತುಟಿಗಳ ನಡುವೆ ಹಿಡಿದ ಸಣ್ಣ ಮೊಳೆಗಳನ್ನು ಒಂದೊಂದೇ ತೆಗೆದು ಹೊಡೆಯುವನು. ಬಾಯಲ್ಲಿ ಸದಾ ಮೊಳೆ ಇದ್ದುದರಿಂದ ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಅವನ ಹೆಂಡತಿ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಇಂಥವನು ಒಂದು ದಿನ ಶೋರೂಮಿನಿಂದ ಸಿದ್ಧ ಸೋಫಾ ಕೊಂಡು ತಂದ. ಹೊತ್ತು ತಂದವರು ಬಾಗಿಲಲ್ಲಿ ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು. ಒಳಗೆ ಹೋಗಲಿಲ್ಲ. ಕೊನೆಗೆ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಬೇಕಾಯಿತು.

ಎದುರಿನ ದಿನಸಿ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. "ಏನಣ್ಣಾ, ರಿಪೇರಿಗೆ ಬಂದದ್ದನ್ನ ಮನೆಗೇ ತುಂಬಿಸ್ತಾ ಇದ್ದೀಯಲ್ಲ!"

"ರಿಪೇರಿಗಲ್ಲ. ಕೊಂಡದ್ದು."

"ಯಾರಿಗೆ?"

ಸ್ಪ್ರಿಂಗಣ್ಣ ಬಾಗಿಲನ್ನು ಮತ್ತೆ ಕೂರಿಸತೊಡಗಿದ.

ಸಂಜೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮಗಳು ಒಳಗೆ ಕಾಲಿಟ್ಟವಳೇ ಅದಕ್ಕೆ ಮೊಣಕಾಲು ಬಡಿಸಿಕೊಂಡಳು.

"ಅಯ್ಯೋ! ಅಪ್ಪಾ, ಇದೇನಿದು, ಹಡಗಾ?"

"ಸೋಫಾ."

"ಅದು ಕಾಣ್ತಾ ಇದೆ. ನಮ್ಮನೇಲಿ ಯಾಕಿದೆ ಅಂತ ಕೇಳಿದ್ದು."

"ನಿಮ್ಮಮ್ಮನಿಗೆ ಆಸೆ ಇತ್ತಲ್ಲ."

ಹುಡುಗಿ ಮೊಣಕಾಲು ಉಜ್ಜಿಕೊಂಡಳು. ಆಸೆ ಇದ್ದದ್ದು ನಿಜ. ಊರಿಗೆಲ್ಲ ಸೋಫಾ ಮಾಡಿಕೊಡುವವನ ಹೆಂಡತಿ ಜೀವಮಾನವೆಲ್ಲ ಒಂದು ಮರದ ಸ್ಟೂಲಿನ ಮೇಲೆ ಕುಳಿತಳು. ಮನೆಗೆಂದು ಅವನು ಶುರುಮಾಡಿದ ಪ್ರತಿಯೊಂದು ಸೋಫಾವೂ ಯಾವನೋ ಅವಸರದ ಗಿರಾಕಿಯ ಪಾಲಾಗುತ್ತಿತ್ತು. "ಮುಂದಿನದು ನಿನಗೇ" ಎನ್ನುತ್ತಿದ್ದ. "ಆಗಲಿ ಬಿಡಿ, ಅಷ್ಟರಲ್ಲಿ ನನ್ನ ಬೆನ್ನೇ ಸ್ಟೂಲಿನ ಹಾಗಾಗಿರುತ್ತೆ" ಎಂದು ಅವಳು ನಗುತ್ತಿದ್ದಳು.

ದುಡ್ಡು ಎಲ್ಲಿಂದ ಬಂತೆಂದು ಮಗಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅದು ಅತ್ತೆಯ ದುಡ್ಡು.

ಅತ್ತೆಯೆಂದರೆ ಸ್ಪ್ರಿಂಗಣ್ಣನ ಅಕ್ಕ. ಎರಡು ಬೀದಿ ಆಚೆ ಬಾಡಿಗೆಯ ಸಣ್ಣ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಪರದೆ ಹೊಲಿಯುವವಳು. ತಮ್ಮನು ಅಂಗಡಿ ಇಡುವಾಗ, ದಪ್ಪ ರೆಕ್ಸಿನ್ ಹೊಲಿಯುವ ದೊಡ್ಡ ಯಂತ್ರ ಕೊಳ್ಳುವಾಗ, ತಾನು ಕೂಡಿಟ್ಟದ್ದನ್ನೆಲ್ಲ ಅವನ ಕೈಗೆ ಹಾಕಿದ್ದಳು. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೀರಿಸುವುದೆಂದು ಮಾತು. ಕಂತು ಒಯ್ಯುತ್ತಿದ್ದವಳು ಅವನ ಹೆಂಡತಿ. ಕೊಟ್ಟು ಬರುವುದಕ್ಕೆ ಅರೆಗಳಿಗೆ ಸಾಕು. ಆದರೆ ಅತ್ತಿಗೆ ನಾದಿನಿ ಇಬ್ಬರೂ ಕೂತು ಹರಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವಳು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಏನು ಮಾತಾಡಿದಿರಿ ಎಂದರೆ ಹೇಳುತ್ತಿರಲಿಲ್ಲ.

ಹೆಂಡತಿ ತೀರಿಕೊಂಡ ತಿಂಗಳೂ ಅವನು ಕಂತನ್ನು ತೆಗೆದಿಟ್ಟ. ಕೊಟ್ಟು ಬರೋಣವೆಂದು ಚೀಲ ಹಿಡಿದು ಬೀದಿಯ ತಿರುವಿನವರೆಗೂ ಹೋದ. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ಆ ದಾರಿ ಅವಳದು, ಕೈಯಲ್ಲಿದ್ದ ಚೀಲವೂ ಅವಳದು. ಹಿಂದಿರುಗಿ ಬಂದು ದುಡ್ಡನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಮರು ತಿಂಗಳೂ ಹಾಗೆಯೇ ಆಯಿತು. ಹೋಗಬೇಕಾದ ಕಡೆಗೆ ಹೋಗದ ದುಡ್ಡು ಮನೆಯಲ್ಲಿ ಕುಳಿತು ಏನೇನೋ ಹೇಳಿಕೊಡುತ್ತದೆ. ಒಂದು ದಿನ ಶೋರೂಮಿನ ಗಾಜಿನಾಚೆ ಅವಳಿಗೆ ಇಷ್ಟವಾದ ನೀಲಿಯ ಸೋಫಾ ಕಂಡಿತು. ಡಬ್ಬಿ ಖಾಲಿಯಾಯಿತು, ಸಾಲದ್ದಕ್ಕೆ ಸ್ಪಂಜು ತರಲು ಇಟ್ಟಿದ್ದ ದುಡ್ಡೂ ಹೋಯಿತು. ನೆಂಟರ ಮನೆಗೆ ಹೋದರೂ ಕುರ್ಚಿಯ ಅಡಿಗೆ ಕೈಹಾಕಿ ನೋಡಿಯೇ ಕೂರುವ ಮನುಷ್ಯ ಅಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ತಂದದ್ದೇನೋ ತಂದ, ಕೂರಲು ಮಾತ್ರ ಯಾರಿಗೂ ಮನಸ್ಸಾಗಲಿಲ್ಲ. ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ತೆಗೆಯಲಿಲ್ಲ. ಗೋಡೆಗೂ ಸೋಫಾಕ್ಕೂ ನಡುವೆ ಉಳಿದ ಸಂದಿನಲ್ಲಿ ಅಪ್ಪ ಮಗಳು ಪಕ್ಕವಾಗಿ ಓಡಾಡಿದರು. ಅವನು ಬೆಳಿಗ್ಗೆ ಎದ್ದು ದೇವರ ಮುಂದೆ ನಿಂತು, "ಸ್ವಾಮೀ, ಅಕ್ಕನ ದುಡ್ಡಿನಲ್ಲಿ ತಪ್ಪು ಮಾಡಿದೆ, ಕ್ಷಮಿಸು" ಎಂದು ಕೈಮುಗಿಯುವನು. ದೇವರು ಬೇಡವೆನ್ನಲಿಲ್ಲವಾದ್ದರಿಂದ ಕ್ಷಮಿಸಿದನೆಂದೇ ತಿಳಿದು ಅಂಗಡಿಗೆ ಹೋಗುವನು. ಅಕ್ಕನ ಫೋನು ಬಂದರೆ ಮಗಳ ಕೈಗೆ ಕೊಟ್ಟುಬಿಡುವನು. "ಅಪ್ಪನ ಬಾಯಲ್ಲಿ ಮೊಳೆ ಇದೆ ಅತ್ತೆ" ಎಂದು ಅವಳು ಹೇಳಬೇಕು.

ಒಂದು ಭಾನುವಾರ ಬೆಳಿಗ್ಗೆ ಹೊರಗೆ ಅಕ್ಕನ ದನಿ ಕೇಳಿಸಿತು. ಸ್ಪ್ರಿಂಗಣ್ಣ ಹಾಸಿಗೆಯ ಮೇಲಿನ ಹೊದಿಕೆಯನ್ನು ಎಳೆದು ತಂದು ಸೋಫಾದ ಮೇಲೆ ಹರಡಿದ. ಅಕ್ಕ ಒಳಗೆ ಬಂದವಳು ನೇರವಾಗಿ ಅದರ ಮೇಲೆಯೇ ಕುಳಿತಳು. ಹೊದಿಕೆಯ ಕೆಳಗೆ ಪ್ಲಾಸ್ಟಿಕ್ಕು ಚರಚರ ಎಂದಿತು.

"ಬಾಯಿಂದ ಮೊಳೆ ತೆಗೆದೆಯೇನೋ?"

"ಬಾ ಅಕ್ಕಾ."

"ಓಹೋ, ಮಾತು ಬರುತ್ತೆ! ಇಷ್ಟು ತಿಂಗಳು ಮೊಳೆ ಕಚ್ಚಿಕೊಂಡಿದ್ದವನು ನುಂಗಿಯೇ ಬಿಟ್ಟನೇನೋ ಅಂತ ನೋಡಿಕೊಂಡು ಹೋಗೋಕೆ ಬಂದೆ." ಹೊದಿಕೆಯ ಮೂಲೆ ಎತ್ತಿ ಇಣುಕಿದಳು. "ಇದನ್ನ ಯಾವಾಗ ಮಾಡಿದೆ?"

"ಮಾಡಿದ್ದಲ್ಲ. ಕೊಂಡದ್ದು."

"ನೀನು? ಕೊಂಡದ್ದು?" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಮುಗಿದ ಮೇಲೆ ಅವನ ಮುಖ ನೋಡಿದಳು. ಆ ಮುಖದಲ್ಲಿ ಎಲ್ಲ ಇತ್ತು. "ಹಾಗಾದರೆ ನನ್ನ ದುಡ್ಡಿನ ಮೇಲೇ ನನ್ನನ್ನು ಕೂರಿಸಿದ್ದೀಯ ಅನ್ನು."

"ಅಕ್ಕಾ, ದಿನಾ ದೇವರ ಹತ್ತಿರ ತಪ್ಪಾಯ್ತು ಅಂತ ಹೇಳ್ತಾ ಇದ್ದೀನಿ."

"ಒಳ್ಳೇ ಕೆಲಸ. ಆದರೆ ಸಾಲ ಕೊಟ್ಟದ್ದು ಅವನಲ್ಲ ಕಣೋ, ನಾನು. ನೀನು ಅಲ್ಲಿ ಹೇಳಿದ್ದನ್ನ ಅವನು ನನ್ನ ಅಂಗಡಿಗೆ ಬಂದು ಒಪ್ಪಿಸಬೇಕಾ? ಅವನಿಗೆ ಬೇರೆ ಕೆಲಸ ಇಲ್ವಾ?"

ಮಗಳು ಕಾಫಿ ತಂದವಳು ನಗು ತಡೆಯಲಾರದೆ ಒಳಗೆ ಹೋದಳು. ಸ್ಪ್ರಿಂಗಣ್ಣ ತಲೆ ತಗ್ಗಿಸಿದ. ದೇವರ ಮುಂದೆ ನಿಲ್ಲುವುದು ಸುಲಭವಾಗಿತ್ತು ಎಂದು ಅವನಿಗೂ ಆಗ ಹೊಳೆಯಿತು.

ಅಕ್ಕ ಬಂದ ಕಾರಣ ಬೇರೆ ಇತ್ತು. ಅವಳ ಕೋಣೆಯ ಮಾಲೀಕ ಮುಂಗಡ ಹೆಚ್ಚಿಸಿದ್ದ. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಕೋಣೆ ಮೊಬೈಲ್ ಅಂಗಡಿಯವನಿಗೆ. ಆಮೇಲೆ ಅವಳ ಮಿಷನ್ ಮಗನ ಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ.

"ಸೊಸೆ ಒಳ್ಳೆಯವಳೇ" ಎಂದಳು ಅಕ್ಕ. "ಆದರೆ ನನ್ನ ಮಿಷನ್ ಸದ್ದಿಗೆ ಅವಳಿಗೆ ಟಿವಿ ಕೇಳಿಸಲ್ಲ, ಅವಳ ಟಿವಿ ಸದ್ದಿಗೆ ನನಗೆ ಹೊಲಿಗೆ ಕಾಣಿಸಲ್ಲ. ಇಬ್ಬರೂ ಒಳ್ಳೆಯವರಾಗಿಯೇ ಇರಬೇಕಾದರೆ ನಾನು ಆ ಕೋಣೆಯಲ್ಲೇ ಇರಬೇಕು."

ನಗುತ್ತಲೇ ಹೇಳಿದಳು. ಆದರೆ ಅವಳ ಬೆರಳುಗಳು ಹೊದಿಕೆಯ ಅಂಚಿನ ದಾರವನ್ನು ಎಳೆದೆಳೆದು ಬಿಚ್ಚುತ್ತಿದ್ದವು. ಹೊಲಿಯುವವಳು ಹೊಲಿಗೆ ಬಿಚ್ಚುತ್ತಿರುವುದನ್ನು ಸ್ಪ್ರಿಂಗಣ್ಣ ನೋಡಿದ.

"ಇದನ್ನ ಮಾರ್ತೀನಿ ಅಕ್ಕಾ."

"ಅವಳಿಗೋಸ್ಕರ ತಂದದ್ದಲ್ವೇನೋ?" ಅಕ್ಕನ ದನಿ ಮೆತ್ತಗಾಯಿತು.

ಒಳಗಿನಿಂದ ಮಗಳೇ ಹೇಳಿದಳು: "ಅಮ್ಮ ಇದ್ದಿದ್ದರೆ ಮೊದಲು ಬೆಲೆ ಕೇಳೋಳು ಅತ್ತೆ. ಆಮೇಲೆ ಬಾಗಿಲನ್ನ ಇನ್ನೊಂದು ಸಲ ಕಳಚೋಳು."

ಸ್ಪ್ರಿಂಗಣ್ಣ ಫಕ್ಕನೆ ನಕ್ಕ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಅವನ ನಗು ಕೇಳಿದ್ದು ಅದೇ ಮೊದಲು. ನಗುತ್ತಿದ್ದ ಹಾಗೆಯೇ ಕಣ್ಣು ಒರೆಸಿಕೊಂಡ. ಅಕ್ಕ ಕಾಣದವಳಂತೆ ಕಾಫಿ ಕುಡಿದಳು.

ಶೋರೂಮಿನವನು ಹಿಂದಕ್ಕೆ ಕೊಳ್ಳಲು ಹೇಳಿದ ಬೆಲೆ ಕೇಳಿದರೆ ಹೊತ್ತು ಒಯ್ಯುವವರ ಕೂಲಿಯೂ ಹುಟ್ಟುವಂತಿರಲಿಲ್ಲ. ಸ್ಪ್ರಿಂಗಣ್ಣ ಬಾಗಿಲು ಕಳಚಿ ಸೋಫಾವನ್ನು ತನ್ನ ಅಂಗಡಿಗೇ ಸಾಗಿಸಿದ. ಅಂಗಾತ ಮಲಗಿಸಿ ತಳದ ಕಪ್ಪು ಬಟ್ಟೆಯನ್ನು ಹರಿದು ನೋಡಿದ. ಹಲಗೆ ಇರಬೇಕಾದಲ್ಲಿ ರಟ್ಟು, ಪಟ್ಟಿಗಳು ಆಗಲೇ ಜೋತುಬಿದ್ದಿವೆ, ಒಂದು ಕಾಲಂತೂ ಬರಿಯ ಅಂಟಿನ ಮೇಲೆ ನಿಂತಿದೆ.

"ಇದಕ್ಕೆ ಅಷ್ಟು ದುಡ್ಡು ಸುರಿದೆನಲ್ಲ!" ಎಂದು ಹಣೆ ಚಚ್ಚಿಕೊಂಡ.

ಟಾರ್ಚು ಹಿಡಿದಿದ್ದ ಮಗಳು ಬಗ್ಗಿ ನೋಡಿದಳು. "ಮೇಲೆ ಎಷ್ಟು ಚೆಂದ ಇತ್ತು ಅಪ್ಪಾ. ಹೋಗಲಿ ಬಿಡು, ಗಿರಾಕಿ ಅಂದರೇನು ಅಂತ ನಿನಗೂ ಗೊತ್ತಾಯ್ತು."

ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವನ ಕೆಲಸ ಚೆನ್ನಾಗುತ್ತದೆ. ರಟ್ಟು ಕಿತ್ತು ಹಲಗೆ ಕೂರಿಸಿದ, ಪಟ್ಟಿಗಳನ್ನು ಹೊಸದಾಗಿ ಎಳೆದ, ಹಳೆಯ ಕೆಲಸಗಳಿಂದ ಉಳಿದ ಒಳ್ಳೆಯ ಸ್ಪ್ರಿಂಗುಗಳನ್ನು ಹುಡುಕಿ ಕಟ್ಟಿದ. ಹರಿದ ಕಡೆ ಅಕ್ಕನೇ ಬಂದು ಹೊಲಿದುಕೊಟ್ಟಳು. ಕೂಲಿಯನ್ನು ಸಾಲಕ್ಕೆ ಸೇರಿಸುತ್ತೇನೆಂದು ಹೆದರಿಸಿದಳು. ಮೇಲಿನ ರಸ್ತೆಯ ಹಲ್ಲಿನ ಡಾಕ್ಟರು ಬಂದು ಕುಳಿತು ನೋಡಿದರು. "ನನ್ನ ಹತ್ತಿರ ಬರೋರು ಮೊದಲೇ ಹೆದರಿರ್ತಾರೆ, ಕಾಯುವಾಗಲಾದರೂ ಹಾಯಾಗಿರಲಿ" ಎಂದು ಕೊಂಡುಕೊಂಡರು. ಕೊಟ್ಟದ್ದಷ್ಟೂ ಹಿಂದೆ ಬರಲಿಲ್ಲ. ಆದರೆ ಮುಂಗಡಕ್ಕೆ ಸಾಕಾಯಿತು. ಕೋಣೆ ಅಕ್ಕನಿಗೇ ಉಳಿಯಿತು.

ದುಡ್ಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಅಕ್ಕ ಹೇಳಿದಳು: "ಇದು ತಪ್ಪಿದ ತಿಂಗಳುಗಳದು. ಉಳಿದ ಸಾಲ ಹಾಗೇ ಇದೆ, ಮರೀಬೇಡ. ಇನ್ನು ಮೇಲೆ ನೀನೇ ತರಬೇಕು, ಮಗಳ ಕೈಲಿ ಕಳಿಸಿದರೆ ತಗೊಳ್ಳಲ್ಲ. ದುಡ್ಡು ಇಲ್ಲದಿದ್ದರೆ ಬರಿಗೈಲಿ ಬಾ, ಇಲ್ಲ ಅಂತ ನನ್ನ ಮುಖ ನೋಡಿ ಹೇಳು. ದುಡ್ಡು ತಡವಾದರೆ ತಾಳ್ತೀನಿ. ಅವಳು ಹೋದಳು, ಅವಳ ಹಿಂದೆಯೇ ನೀನೂ ನನ್ನ ಪಾಲಿಗೆ ಇಲ್ಲವಾದೆ. ಅದನ್ನ ಹೇಗೋ ತಾಳೋದು?"

ಮುಂದಿನ ತಿಂಗಳು ಸ್ಪ್ರಿಂಗಣ್ಣನ ಗ್ರಹಚಾರ. ಸೀಟು ಹಾಕಿಸಿಕೊಂಡ ಗಾಡಿಯವನು ಇವತ್ತು ನಾಳೆ ಎಂದು ಸತಾಯಿಸಿದ. ಕಂತಿಗೆ ಅರ್ಧವೇ ಕೂಡಿತು. ಪೂರ್ತಿಯಾದ ಮೇಲೆ ಹೋಗೋಣ ಎಂದು ಮನಸ್ಸು ಹಳೆಯ ರಾಗ ಎಳೆಯಿತು. ಆದರೂ ಚೀಲ ಹಿಡಿದು ಹೊರಟ. ಬೀದಿಯ ತಿರುವಿನಲ್ಲಿ ಒಂದು ಕ್ಷಣ ನಿಂತ. ಮನಸ್ಸಿನಲ್ಲಿ ದೇವರನ್ನು ನೆನೆದ, ಈ ಸಲ ಕ್ಷಮೆಗಲ್ಲ, ಕಾಲಿಗೆ ಬಲ ಕೊಡೆಂದು. ಮುಂದೆ ನಡೆದ.

ಅಕ್ಕ ದೊಡ್ಡದೊಂದು ಪರದೆಯ ಅಂಚು ಹೊಲಿಯುತ್ತಿದ್ದಳು. ಬಾಗಿಲಲ್ಲಿ ನಿಂತು ಅವನು ಒಂದೇ ಉಸಿರಿಗೆ ಹೇಳಿದ: "ಅರ್ಧವೇ ಆಗಿದೆ ಅಕ್ಕಾ. ಇನ್ನರ್ಧ ಇಲ್ಲ."

ಅಕ್ಕ ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ದುಡ್ಡು ತೆಗೆದುಕೊಂಡು, ಎಣಿಸದೆ ಮಿಷನ್ನಿನ ಖಾನೆಗೆ ಹಾಕಿದಳು.

"ಒಳಗೆ ಬಾ. ಆ ತುದಿ ಹಿಡಿ, ನೆಲಕ್ಕೆ ತಾಗ್ತಾ ಇದೆ."

ಅವನು ಕುಳಿತು ಪರದೆ ಹಿಡಿದ.

"ನಿನ್ನ ಹೆಂಡತಿ ಇಲ್ಲೇ ಕೂತು ನಿನ್ನ ವಿಷಯ ಏನೇನು ಹೇಳ್ತಿದ್ದಳು ಗೊತ್ತೇನೋ?"

"ಏನು ಹೇಳ್ತಿದ್ದಳು ಅಕ್ಕಾ?"

"ಅರ್ಧ ತಂದಿದ್ದೀಯಲ್ಲ, ಅರ್ಧ ಹೇಳ್ತೀನಿ" ಎಂದಳು ಅಕ್ಕ, ಹಲ್ಲಿನಿಂದ ದಾರ ಕಡಿಯುತ್ತ. "ಮಿಕ್ಕದ್ದು ಬೇಕಾದರೆ ಇನ್ನರ್ಧ ತಗೊಂಡು ಬಾ."

ಸ್ಪ್ರಿಂಗಣ್ಣ ಪರದೆಯನ್ನು ಇನ್ನಷ್ಟು ಎತ್ತಿ ಹಿಡಿದು ಅವಳ ಹತ್ತಿರಕ್ಕೆ ಸರಿದು ಕುಳಿತ.