ಐದೂವರೆ ಸಾವಿರದ ಚಮಚ

ವಿಮಾನದಲ್ಲಿ ಬಿಸಿನೆಸ್ ಕ್ಲಾಸಿಗೆ ದುಡ್ಡು ಸುರಿಯುವುದು ದಂಡವೋ ಅಲ್ಲವೋ ಎಂದು ನಮ್ಮೂರ ಸವಳಂಗ ರಸ್ತೆಯ ಟೀ ಅಂಗಡಿಯಲ್ಲಿ ಯಾರಾದರೂ ವಾದ ತೆಗೆದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅಲ್ಲಿಗೆ ಬರುವವರಲ್ಲಿ ವಿಮಾನದಲ್ಲಿ ಆ ಸೀಟುಗಳನ್ನು ಮರೆಮಾಡುವ ಪರದೆಯ ಮುಂದೆ ಕೂತು ಬಂದವನು ನಾನೊಬ್ಬನೇ. ದಂಡ ಎಂದರೆ ನನ್ನ ಮರ್ಯಾದೆ ಹೋಗುತ್ತದೆ, ಅಲ್ಲ ಎಂದರೆ ಸುಳ್ಳಾಗುತ್ತದೆ. ಹಾಗಾಗಿ ನಡೆದದ್ದನ್ನೇ ಹೇಳಿಬಿಡುತ್ತೇನೆ.

ನಾನು ಶಿವಯೋಗಪ್ಪ. ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಸಣ್ಣ ಫೌಂಡ್ರಿ ಇದೆ, ಅರ್ಧ ನನ್ನದು, ಅರ್ಧ ಪೀರ್ ಬಾಷಾನದು. ಕುಲುಮೆ, ಮರಳು, ಅಚ್ಚು ಎಲ್ಲ ಬಾಷಾ ನೋಡಿಕೊಳ್ಳುತ್ತಾನೆ. ಇಸ್ತ್ರಿ ಅಂಗಿ ಹಾಕಿಕೊಂಡು ಗಿರಾಕಿಗಳ ಹತ್ತಿರ ಮಾತಾಡುವವನು ನಾನು. ೨೦೦೪ರಲ್ಲಿ ಮುಂಬೈನ ಪಂಪಿನ ಕಂಪನಿಯೊಂದು ನಾವು ಕಳಿಸಿದ ನಾನೂರು ಮುಚ್ಚಳಗಳನ್ನು ‘ಬಿರುಕಿದೆ’ ಎಂದು ಬರೆದು ರಿಜೆಕ್ಟ್ ಮಾಡಿತು. ಮಾದರಿಗೆ ಒಂದನ್ನು ವಾಪಸ್ ಕಳಿಸಿತು. ನಮಗಿದ್ದ ದೊಡ್ಡ ಗಿರಾಕಿ ಅದೊಂದೇ. ಅದು ಕೈಬಿಟ್ಟರೆ ಕುಲುಮೆ ಆರಿಸಿ, ಹದಿನೆಂಟು ಜನರನ್ನು ಮನೆಗೆ ಕಳಿಸಿ, ನಾವಿಬ್ಬರೂ ನೊಣ ಹೊಡೆಯುತ್ತಾ ಕೂರಬೇಕಿತ್ತು.

“ಇದು ಬಿರುಕಲ್ಲ ಮಾರಾಯ. ಅಚ್ಚಿನ ಎರಡು ಭಾಗ ಕೂಡೋ ಕಡೆ ಬೀಳೋ ಗೆರೆ” ಎಂದು ಬಾಷಾ ಆ ಮುಚ್ಚಳವನ್ನು ಕರ್ಚೀಫಿಗೆ ತೂಗುಹಾಕಿ ಸ್ಪ್ಯಾನರಿನಿಂದ ತಟ್ಟಿದ. ಠಣ್ ಎಂದಿತು. “ಬಿರುಕು ಬಿಟ್ಟಿದ್ರೆ ಒಡಕು ಮಡಕೆ ಥರ ಡಬ್ ಅಂತಿತ್ತು. ಇದನ್ನ ಅವರಿಗೆ ಕೇಳಿಸಿದ್ರೆ ಸಾಕು.”

ಕೇಳಿಸುವುದು ಯಾರಿಗೆ? ಅಲ್ಲಿನ ಪರ್ಚೇಸ್ ಮ್ಯಾನೇಜರ್ ಫೋನೇ ಎತ್ತುತ್ತಿರಲಿಲ್ಲ. ಆತ ಬೆಂಗಳೂರಿಗೆ ಬಂದಿದ್ದಾನೆ, ಗುರುವಾರ ಬೆಳಗಿನ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ವಾಪಸಾಗುತ್ತಾನೆ ಎಂದು ಅವರ ಆಫೀಸಿನವರೇ ಬಾಯಿಬಿಟ್ಟರು. ನನ್ನ ತಲೆ ಓಡಿತು. ಬಸ್ಸಿನಲ್ಲಾದರೆ ನಮ್ಮ ಕಾಟ ತಡೆಯಲಾರದವನು ತರೀಕೆರೆಯಲ್ಲೋ ಕಡೂರಿನಲ್ಲೋ ಇಳಿದು ಪಾರಾಗಬಹುದು. ವಿಮಾನದಲ್ಲಿ ಒಂದೂವರೆ ಗಂಟೆ ಎಲ್ಲಿಗೆ ಹೋಗುತ್ತಾನೆ? ಪಕ್ಕದ ಸೀಟು ಹಿಡಿದರೆ ಕೆಲಸ ಆದಂತೆಯೇ.

ಹಿಂದಿನ ಸೀಟಿಗಿಂತ ಐದೂವರೆ ಸಾವಿರ ಹೆಚ್ಚು ಎಂದ ಟ್ರಾವೆಲ್ಸಿನ ಶಿವರಾಜ್. ಒಂದೇ ತೆಗೆಸಿದೆ, ನನಗೆ. ಬಾಷಾನಿಗೆ ಹಿಂದಿನದು. ಕೈತುಂಬ ಸುಟ್ಟ ಕಲೆಗಳಿರುವವನನ್ನು ಅಂಥ ದೊಡ್ಡವರ ಪಕ್ಕ ಕೂರಿಸುವುದು ಹೇಗೆ ಎಂದು ನನಗೆ ಅನ್ನಿಸಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

“ಐದೂವರೆ ಸಾವಿರ ಕೊಟ್ಟು ಚಮಚಾಗಿರಿ ಮಾಡೋಕೆ ಹೋಗ್ತೀಯಾ?” ಎಂದ ಬಾಷಾ.

“ಚಮಚಾ ಆಗೋಕೂ ಯೋಗ್ಯತೆ ಬೇಕು, ಸುಮ್ನಿರು” ಎಂದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಬಾಷಾನ ಚೀಲದಿಂದ ಎರಡೂವರೆ ಕಿಲೋ ಕಬ್ಬಿಣ ಎತ್ತಿ ತಿರುಗಿಸಿ ಮುರುಗಿಸಿ ನೋಡಿದ. ಏನಿದು ಎಂದ. ಪಂಪಿನ ಮುಚ್ಚಳ ಎಂದೆವು. ಪಂಪೆಲ್ಲಿ ಎಂದ.

“ಪಂಪಿಗೆ ಇದನ್ನ ಹಾಕ್ಕೊಂಡಿದ್ರೆ ನಾವ್ಯಾಕೆ ಸ್ವಾಮಿ ಅಲೀತಿದ್ವಿ?” ಎಂದ ಬಾಷಾ.

ಮುಚ್ಚಳವನ್ನು ಬಿಟ್ಟರು. ಆದರೆ ಅವನ ಜೇಬಿನಲ್ಲಿದ್ದ ಸ್ಪ್ಯಾನರನ್ನು ಕಿತ್ತುಕೊಂಡರು. ಇಪ್ಪತ್ತು ವರ್ಷದಿಂದ ಮದುವೆಮನೆಗೂ ಜೇಬಿನಲ್ಲೇ ಒಯ್ಯುತ್ತಿದ್ದ ಸ್ಪ್ಯಾನರ್ ಅದು. ಬಾಷಾನ ಮುಖ ಚಿಕ್ಕದಾಯಿತು. ನಾನು ಸಮಾಧಾನ ಹೇಳಲು ನಿಲ್ಲಲಿಲ್ಲ, ಬಿಸಿನೆಸ್ ಕ್ಲಾಸಿನವರನ್ನು ಮೊದಲು ಕರೆಯುತ್ತಿದ್ದರು.

ಕೌಂಟರಿನಲ್ಲಿ ಮ್ಯಾನೇಜರ್ ಹೆಸರು ಹೇಳಿ ಆತನ ಪಕ್ಕದ ಸೀಟೇ ಹಿಡಿದಿದ್ದೆ. ಸೀಟು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಊರಿನ ಬಸ್ಸಾದರೆ ಅಷ್ಟು ಜಾಗದಲ್ಲಿ ಒಂದು ಸಂಸಾರ ಕೂತು, ಮೇಲೊಂದು ಬುಟ್ಟಿ ಇಡುತ್ತಿತ್ತು. ತಟ್ಟೆಯಲ್ಲಿ ಬೆಳ್ಳಗೆ ಸುತ್ತಿಟ್ಟ, ಹಬೆಯಾಡುವ ಏನನ್ನೋ ತಂದರು. ಕಡುಬು ಎಂದುಕೊಂಡು ಚಟ್ನಿಗಾಗಿ ಕಾದೆ. ಪಕ್ಕದಲ್ಲಿದ್ದ ಮ್ಯಾನೇಜರ್ ಅದನ್ನು ಬಿಚ್ಚಿ ಮುಖ ಒರೆಸಿಕೊಂಡಾಗ ಅದು ಟವೆಲ್ಲು ಎಂದು ಗೊತ್ತಾಯಿತು. ನಾನು ಹಲ್ಲು ಕಿರಿದು ನಮಸ್ಕಾರ ಎಂದೆ. ಆತ ತಲೆಯಾಡಿಸಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು, ವಿಮಾನ ಏಳುವ ಮೊದಲೇ ಗೊರಕೆ ಶುರುಮಾಡಿದ. ಇಳಿದು ಹೋಗಲಾರ ಎಂದು ಲೆಕ್ಕ ಹಾಕಿದ್ದೆ, ನಿದ್ದೆ ಹೋಗಬಹುದು ಎಂದು ಹಾಕಿರಲಿಲ್ಲ.

ಎಬ್ಬಿಸಿದರೂ ಮಾತಾಡುವುದು ಯಾವ ಭಾಷೆಯಲ್ಲಿ? ನನ್ನ ಇಂಗ್ಲಿಷು ಬಿಲ್ ಬರೆಯುವಷ್ಟು, ಹಿಂದಿ ಅದಕ್ಕಿಂತ ಕಡಿಮೆ. ಹಿಂದಿ ಬರುವವನನ್ನು ಹಿಂದೆ ಕೂರಿಸಿ ಬಂದಿದ್ದೆ. ಐದೂವರೆ ಸಾವಿರ ಕೊಟ್ಟು ಒಬ್ಬನ ಗೊರಕೆ ಕೇಳುತ್ತಾ ಕೂತೆ. ಹದಿನೆಂಟು ಜನರ ಮುಖ ಕಣ್ಣ ಮುಂದೆ ಬಂತು. ತಿಂಡಿ ಬಂತು, ಒಂದು ಚಮಚ ತಿಂದು ತಟ್ಟೆ ಸರಿಸಿದೆ.

ಅಷ್ಟರಲ್ಲಿ ಗಗನಸಖಿ ಬಗ್ಗಿ, ಹಿಂದೆ ಕೂತಿರುವ ನಿಮ್ಮ ಗೆಳೆಯರು ನಿಮ್ಮ ಸ್ಟೀಲ್ ಚಮಚ ಕೇಳುತ್ತಿದ್ದಾರೆ, ಅಲ್ಲಿ ಕೊಡುವುದು ಪ್ಲಾಸ್ಟಿಕ್ಕಿನದು ಎಂದಳು. ನನಗೆ ಮೈ ಉರಿಯಿತು. ನಾನಿಲ್ಲಿ ಮುಳುಗುತ್ತಿದ್ದರೆ ಇವನಿಗೆ ಉಪ್ಪಿಟ್ಟು ತಿನ್ನಲು ಸ್ಟೀಲ್ ಚಮಚವೇ ಬೇಕಂತೆ. ಒರೆಸದೆ ಹಾಗೇ ಕೊಟ್ಟು ಕಳಿಸಿದೆ.

ಒಂದು ನಿಮಿಷವಾಗಿರಬಹುದು. ಪರದೆಯ ಆಚೆಯಿಂದ ಇಂಜಿನ್ ಸದ್ದಿನ ನಡುವೆಯೂ ಸಣ್ಣಗೆ ಠಣ್ ಎಂದು ಕೇಳಿತು. ಮತ್ತೆ ಠಣ್. ದೇವಸ್ಥಾನದ ಗಂಟೆ ಎಂದುಕೊಂಡಳೋ ಏನೋ, ಪಕ್ಕದ ಸಾಲಿನ ಅಜ್ಜಿಯೊಬ್ಬಳು ಎದ್ದು ಕೂತು ಕೈಮುಗಿದಳು. ನಾನು ಬೆಲ್ಟು ಬಿಚ್ಚಿ ಹಿಂದಕ್ಕೆ ಓಡಿದೆ.

ಬಾಷಾ ಮುಚ್ಚಳವನ್ನು ಕರ್ಚೀಫಿಗೆ ತೂಗುಹಾಕಿ ಹಿಡಿದಿದ್ದ. ಪಕ್ಕದ ಸೀಟಿನವರು ಅದಕ್ಕೆ ಕಿವಿ ಹಚ್ಚಿ, ನನ್ನ ಚಮಚದಿಂದ ತಾವೇ ಬಾರಿಸುತ್ತಿದ್ದರು.

“ಇವರು ಶೇಷಪ್ಪನೋರು, ನಮ್ಮ ಭದ್ರಾವತಿ ಜನ್ನಾಪುರದವರು. ನಮ್ಮ ಮಾಲು ರಿಜೆಕ್ಟ್ ಅಂತ ಬರೆದ ಇನ್ಸ್‌ಪೆಕ್ಟರ್ ಇವರೇ” ಎಂದ ಬಾಷಾ. ಟಿಕೆಟ್ ಕೌಂಟರಿನಲ್ಲಿ ಅವರ ಚೀಲದ ಮೇಲೆ ಕಂಪನಿಯ ಹೆಸರು ನೋಡಿ, ಪಕ್ಕದ ಸೀಟು ಕೇಳಿ ಪಡೆದಿದ್ದನಂತೆ. ಮ್ಯಾನೇಜರಿಗೆ ಮುಂದಿನ ಸೀಟು ಕೊಡುವ ಕಂಪನಿ ಇನ್ಸ್‌ಪೆಕ್ಟರಿಗೆ ಹಿಂದಿನದನ್ನೇ ಕೊಡುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ನಮ್ಮಪ್ಪ ಕಬ್ಬಿಣದ ಕಾರ್ಖಾನೇಲಿ ಹೀಗೇ ತಟ್ಟಿ ನೋಡ್ತಿದ್ರು” ಎಂದರು ಶೇಷಪ್ಪ, ನನ್ನ ಕಡೆ ನೋಡದೆ. “ನಾನು ಕಣ್ಣಲ್ಲಿ ನೋಡಿ ಬರೆದುಬಿಟ್ಟೆ, ಕಿವಿ ಕೊಡ್ಲಿಲ್ಲ. ಆದ್ರೆ ಒಂದು ಠಣ್ ಅಂದ್ರೆ ನಾನೂರೂ ಅಂದಂಗಲ್ಲ. ಒಂದೊಂದೂ ತಟ್ಟಿ ನೋಡ್ತೀನಿ. ಅದಕ್ಕೆ ಸಾಹೇಬ್ರು ಹೂಂ ಅನ್ಬೇಕು.”

ಬರೆಯಲು ಕಾಗದ ಸಿಗದೆ, ವಾಂತಿ ಬಂದವರಿಗೆಂದು ಇಟ್ಟ ಚೀಲದ ಮೇಲೆ ‘ಮತ್ತೆ ಪರೀಕ್ಷಿಸಬೇಕು’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು.

“ಬಾಷಾ, ನೀನೇ ಬಂದು ಹೇಳು” ಎಂದೆ. ಹಿಂದಿನ ಟಿಕೆಟ್ಟಿನವರು ಪರದೆ ದಾಟುವಂತಿಲ್ಲ ಎಂದಳು ಗಗನಸಖಿ. ಬೇಕಾದರೆ ಸೀಟು ಅದಲುಬದಲು ಮಾಡಿಕೊಳ್ಳಿ ಎಂದಳು. ಬಾಷಾ ನನ್ನ ಮುಖ ನೋಡಿದ. ನಾನು ಅವನ ಸೀಟಿನಲ್ಲಿ ಧೊಪ್ಪನೆ ಕೂತೆ. ಮೊಣಕಾಲು ಮುಂದಿನ ಸೀಟಿಗೆ ಬಡಿಯಿತು. ಬಾಷಾ ಮುಚ್ಚಳ, ಸಹಿಯಾದ ಚೀಲ, ಚಮಚ ಹಿಡಿದು ಪರದೆಯ ಆಚೆ ಹೋದ.

ಏನಾಗುತ್ತಿದೆಯೋ ಒಂದೂ ತಿಳಿಯದೆ ಅರ್ಧ ಗಂಟೆ ಕೂತೆ. ಒಂದು ಸಲ ಠಣ್ ಎಂದಿತು. ಗೊರಕೆ ನಿಂತಿರಬೇಕು ಎಂದುಕೊಂಡೆ. ತನ್ನನ್ನು ಯಾಕೆ ಹಿಂದೆ ಕೂರಿಸಿದೆ ಎಂದು ಅವನು ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಶೇಷಪ್ಪನವರು ನಾನೂರನ್ನೂ ತಟ್ಟಿದರು. ಮೂವತ್ತೊಂದು ನಿಜವಾಗಿ ಡಬ್ ಎಂದವು. ಉಳಿದವು ಪಾಸಾದವು, ಆರ್ಡರು ಉಳಿಯಿತು, ಕುಲುಮೆ ಇವತ್ತಿಗೂ ಉರಿಯುತ್ತಿದೆ.

ಮುಂಬೈಯಲ್ಲಿ ಇಳಿದಾಗ ಮುಂದಿನವರನ್ನು ಮೊದಲು ಬಿಟ್ಟರು. ಹಿಂದಿನ ಗುಂಪಿನಲ್ಲಿ ನೂಕಿಸಿಕೊಂಡು ನಾನು ಮೆಟ್ಟಿಲಿಗೆ ಬಂದಾಗ ಕೆಳಗೆ ಬಿಸಿಲಿನಲ್ಲಿ ಬಾಷಾ ನಿಂತಿದ್ದ. ನಮ್ಮ ಇಪ್ಪತ್ತು ವರ್ಷದ ಜೊತೆಯಲ್ಲಿ ಮೊದಲ ಸಲ ಅವನು ಮುಂದೆ, ನಾನು ಹಿಂದೆ. ನಿಲ್ದಾಣದೊಳಗೆ ಒಯ್ಯುವ ಎರಡು ಬಸ್ಸು ಬಿಟ್ಟು ನನಗಾಗಿ ಕಾದಿದ್ದ. ಪಕ್ಕದಲ್ಲಿ ಮ್ಯಾನೇಜರ್, ಕಪ್ಪು ಪಟ್ಟಿ ಹಣೆಗೇರಿಸಿಕೊಂಡು, ಮುಚ್ಚಳವನ್ನು ಚಮಚದಿಂದ ತಟ್ಟಿ ತಟ್ಟಿ ಕೇಳುತ್ತಿದ್ದ.

ಮ್ಯಾನೇಜರ್ ಎರಡನ್ನೂ ಬಾಷಾನ ಕೈಗೆ ಕೊಟ್ಟು, ಅವನ ಹೆಗಲು ತಟ್ಟಿ ಹೋದ.

“ಬಾಷಾ, ನಿನ್ನ ಸೀಟಲ್ಲಿ ಕಾಲು ಇಡೋಕೂ ಜಾಗ ಇಲ್ಲ ಮಾರಾಯ” ಎಂದೆ.

“ಗೊತ್ತು” ಎಂದ. ಆಮೇಲೆ ಚಮಚ ತೋರಿಸಿದ. “ಇದನ್ನ ವಾಪಸ್ ಕೊಡ್ಬೇಕಲ್ಲ?”

“ನಾನಂತೂ ಚಮಚಾ ಆಗ್ಲಿಲ್ಲ” ಎಂದೆ. “ಐದೂವರೆ ಸಾವಿರಕ್ಕೆ ಸಿಕ್ಕಿದ್ದು ಈ ಚಮಚ ಒಂದೇ. ಸ್ಪ್ಯಾನರಿನ ಜೇಬಿಗೆ ಹಾಕ್ಕೋ.”